ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್‌ಗೆ ನಮ್ಮ ಕಡೆಯಿಂದ ಯಾವ ದಾರಿ? ಫೈನಾನ್ಸ್ ಓದದವರಿಗೆ ಒಂದು ಹೋಲಿಕೆ

ಹೋದ ದೀಪಾವಳಿಗೆ ಜಮಖಂಡಿಗೆ ಹೋಗಿದ್ದೆ. ಊಟ ಆದ ಮೇಲೆ ಅಕ್ಕನ ಮಗ ಪಕ್ಕದಲ್ಲಿ ಬಂದು ಕೂತು ಫೋನ್ ತೋರಿಸಿದ. ಎರಡು ಕೆಲಸದ ಜಾಹೀರಾತು. ಎರಡರಲ್ಲೂ ದಪ್ಪಕ್ಷರದಲ್ಲಿ ‘ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್ ಅನಲಿಸ್ಟ್’ ಅಂತ ಇತ್ತು.

“ಮಾಮಾ, ಎರಡೂ ಒಂದ ಕೆಲಸ ಹೌದಲ್ರಿ? ಬೆಂಗಳೂರಿಂದು ಲಗೂನ ಸಿಗ್ತೈತಂತ.”

ಕೆಳಗೆ ಸಣ್ಣಕ್ಷರದಲ್ಲಿದ್ದದ್ದನ್ನು ಓದಿಸಿದೆ. ಮುಂಬೈಯದರಲ್ಲಿ ಕಂಪನಿಗಳ ಖರೀದಿ, ವಿಲೀನ, ಐಪಿಒ (ಕಂಪನಿ ಮೊದಲ ಸಲ ಜನರಿಗೆ ಷೇರು ಮಾರುವುದು), ವ್ಯಾಲ್ಯುವೇಶನ್ (ಕಂಪನಿಗೆ ಬೆಲೆ ಕಟ್ಟುವುದು) ಎಂಬ ಮಾತುಗಳಿದ್ದವು. ಬೆಂಗಳೂರಿನದರಲ್ಲಿ ಟ್ರೇಡ್ ಸೆಟಲ್‌ಮೆಂಟ್, ರಿಕನ್ಸಿಲಿಯೇಶನ್ (ಲೆಕ್ಕ ತಾಳೆ ನೋಡುವುದು), ಕೆವೈಸಿ. ಹುದ್ದೆಯ ಹೆಸರು ಒಂದೇ, ಕೆಲಸ ಬೇರೆಬೇರೆ.

ಅವನು ಮೆಕ್ಯಾನಿಕಲ್ ಎಂಜಿನಿಯರ್. ಸಕ್ಕರೆ ಕಾರ್ಖಾನೆಯಲ್ಲಿ ಎರಡು ಹಂಗಾಮು ಶಿಫ್ಟ್ ಎಂಜಿನಿಯರ್ ಆಗಿ ದುಡಿದಿದ್ದಾನೆ. ನಾನೂ ಮೆಕ್ಯಾನಿಕಲ್ ಓದಿದವನೇ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಮೂರು ವರ್ಷ ಇದ್ದೆ. ಆಮೇಲೆ ಸುತ್ತಿ ಬಳಸಿ, ಈಗ ಮುಂಬೈಯ ಸಣ್ಣದೊಂದು ಮರ್ಚಂಟ್ ಬ್ಯಾಂಕಿಂಗ್ ಸಂಸ್ಥೆಯಲ್ಲಿದ್ದೇನೆ, ಅಂದರೆ ಕಂಪನಿಗಳಿಗೆ ಐಪಿಒ ಥರದ ಕೆಲಸ ಮಾಡಿಕೊಡುವ ಕಡೆ. ಅವತ್ತು ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಾಲೇಜುಗಳಿಂದ ಹೊರಬಂದು ಇದೇ ಪ್ರಶ್ನೆ ಹಿಡಿದು ಕೂತವರು ತುಂಬಾ ಜನ ಇದ್ದಾರೆ ಅಂತ ನನಗೆ ಗೊತ್ತು.

ಯಾವ ಮೇಜಿನ ಕೆಲಸ?

ಎಂಬಿಎನಾ, ಸಿಎಫ್‌ಎನಾ (ಹೂಡಿಕೆ ವಿಶ್ಲೇಷಣೆಯ ಅಂತರರಾಷ್ಟ್ರೀಯ ಪರೀಕ್ಷೆ) ಅಂತ ಕೇಳುವ ಮೊದಲು ಇದನ್ನು ಕೇಳಿಕೊಳ್ಳಬೇಕು. ನಮ್ಮ ಊರಿನ ಕಂಪನಿಯನ್ನೇ ತೆಗೆದುಕೊಳ್ಳೋಣ. ಬೆಳಗಾವಿಯಲ್ಲಿ ನೋಂದಾಯಿತ ಕಚೇರಿ ಇರುವ ಶ್ರೀ ರೇಣುಕಾ ಶುಗರ್ಸ್ 2005ರಲ್ಲಿ ಐಪಿಒಗೆ ಬಂತು. 2010ರ ಹೊತ್ತಿಗೆ ಬ್ರೆಜಿಲ್‌ನಲ್ಲಿ ಸಕ್ಕರೆ ಕಂಪನಿಗಳನ್ನು ಖರೀದಿಸಿತು. ಮುಂದೆ ಸಾಲದ ಹೊರೆ ಹೆಚ್ಚಾಯಿತು. 2018ರಲ್ಲಿ ಕಂಪನಿಯ ಹಿಡಿತ ಸಿಂಗಪುರದ ವಿಲ್ಮಾರ್ ಕೈಗೆ ಹೋಯಿತು.

ಈ ಒಂದೊಂದು ತಿರುವಿನಲ್ಲೂ ಯಾರೋ ಕೂತು ಲೆಕ್ಕ ಹಾಕಿರುತ್ತಾರೆ. ಈ ಕಂಪನಿ ಎಷ್ಟು ಬಾಳುತ್ತದೆ? ಸಾಲ ಎಷ್ಟು ತಡೆಯುತ್ತದೆ? ಷೇರಿಗೆ ಯಾವ ಬೆಲೆ ಕೇಳಬಹುದು? ಖರೀದಿಸುವವರಿಗೆ ಏನು ತೋರಿಸಬೇಕು? ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್‌ನ ಮುಂದಿನ ಮೇಜು (ಫ್ರಂಟ್ ಆಫೀಸ್) ಅಂದರೆ ಇದು. ದಿನಾ ಎಕ್ಸೆಲ್, ಪವರ್‌ಪಾಯಿಂಟ್, ವಕೀಲರು, ಲೆಕ್ಕಪರಿಶೋಧಕರು. ಡೀಲ್ ಜೋರಾಗಿರುವ ವಾರಗಳಲ್ಲಿ ರಾತ್ರಿ ಎರಡಕ್ಕೆ ಮನೆಗೆ ಹೋಗುವುದು ಮಾಮೂಲು.

ಷೇರು ಮಾರಾಟ ಆದ ಮೇಲೆ, ಷೇರು ಮತ್ತು ದುಡ್ಡು ಸರಿಯಾದ ಖಾತೆಗೆ ಸರಿಯಾದ ದಿನ ಹೋಗಿದೆಯೇ ಅಂತ ನೋಡುವುದು ಹಿಂದಿನ ಮೇಜು (ಬ್ಯಾಕ್ ಆಫೀಸ್). ಅದನ್ನು ಆಪರೇಶನ್ಸ್ ಅನ್ನುತ್ತಾರೆ. ಭಾರತದಲ್ಲಿ 2023ರ ಜನವರಿಯಿಂದ, ಅಮೆರಿಕದಲ್ಲಿ 2024ರ ಮೇಯಿಂದ ವಹಿವಾಟಿನ ಮರುದಿನವೇ ಸೆಟಲ್‌ಮೆಂಟ್ ಮುಗಿಯಬೇಕು. ತಪ್ಪಿಗೆ ಜಾಗವೇ ಇಲ್ಲದ, ಜವಾಬ್ದಾರಿಯ ಕೆಲಸ ಅದು. ಅದನ್ನು ಕೀಳು ಅಂತ ನಾನು ಯಾವತ್ತೂ ಹೇಳುವುದಿಲ್ಲ. ಆದರೆ ಅಲ್ಲಿ ಕೂತು ಕಂಪನಿಯ ಬೆಲೆ ಕಟ್ಟುವುದನ್ನು ಕಲಿಯಲು ಆಗುವುದಿಲ್ಲ.

ಇದನ್ನು ನಾನು ದುಡ್ಡು ಕೊಟ್ಟು ಕಲಿತೆ. ಫೌಂಡ್ರಿ ಬಿಟ್ಟಾಗ ಒಂದು ಕೋಚಿಂಗ್ ಸಂಸ್ಥೆ ‘ಆರು ತಿಂಗಳಲ್ಲಿ ಇನ್ವೆಸ್ಟ್‌ಮೆಂಟ್ ಬ್ಯಾಂಕರ್’ ಅಂತ ಹೇಳಿತ್ತು. ಅಪ್ಪ ಆ ವರ್ಷದ ಕಬ್ಬಿನ ಬಿಲ್ಲಿನ ದುಡ್ಡನ್ನು ಫೀಸಿಗೆ ಕೊಟ್ಟರು. ಕೆಲಸವೇನೋ ಸಿಕ್ಕಿತು. ದೊಡ್ಡ ಬ್ಯಾಂಕಿನ ಕೆಲಸ ಮಾಡಿಕೊಡುವ ಕಂಪನಿ, ಒಳ್ಳೆಯ ಕಟ್ಟಡ, ರಾತ್ರಿ ಪಾಳಿಗೆ ಕ್ಯಾಬ್. ಎರಡೂವರೆ ವರ್ಷ ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ತಾಳೆ ನೋಡಿದೆ. ಒಂದು ಬ್ಯಾಲೆನ್ಸ್ ಶೀಟನ್ನೂ ತೆರೆಯಲಿಲ್ಲ. ಸೇರುವ ಮೊದಲೇ ಯಾರಾದರೂ ಬಿಡಿಸಿ ಹೇಳಿದ್ದರೆ ಆ ದುಡ್ಡು ಬೇರೆ ಕಡೆ ಹೋಗುತ್ತಿತ್ತು. ಅಪ್ಪ ಒಂದು ದಿನವೂ ಕೇಳಲಿಲ್ಲ. ನನಗೆ ಮಾತ್ರ ಅದು ಇನ್ನೂ ಚುಚ್ಚುತ್ತದೆ.

ಆದ್ದರಿಂದ ಯಾವುದೇ ಕೋರ್ಸಿಗೆ ದುಡ್ಡು ಕಟ್ಟುವ ಮುಂಚೆ ಒಂದೇ ಪ್ರಶ್ನೆ ಕೇಳಿ: ‘ಹೋದ ಬ್ಯಾಚಿನವರು ದಿನಾ ಯಾವ ಕೆಲಸ ಮಾಡುತ್ತಿದ್ದಾರೆ?’ ಬ್ಯಾಂಕಿನ ಹೆಸರು ಹೇಳಿದರೆ ಸಾಲದು. ಕೆಲಸ ಏನು ಅಂತ ಹೇಳಲಿ. ಅದೇ ಬ್ಯಾಚಿನ ಇಬ್ಬರ ಜೊತೆ ಮಾತಾಡಿಸಲಿ.

ಎಂಬಿಎ: ನೇರ ದಾರಿ, ಸಣ್ಣ ಬಾಗಿಲು

ಫೈನಾನ್ಸ್ ಓದದವರು ಮುಂದಿನ ಮೇಜಿಗೆ ಹೋಗಲು ಇದಕ್ಕಿಂತ ನೇರ ದಾರಿ ಇಲ್ಲ. ಆದರೆ ಅದು ಮೇಲಿನ ಕೆಲವೇ ಕಾಲೇಜುಗಳ ಎಂಬಿಎಗೆ ಮಾತ್ರ ಸಲ್ಲುವ ಮಾತು. ಅಹಮದಾಬಾದ್, ಬೆಂಗಳೂರು, ಕಲ್ಕತ್ತಾ ಐಐಎಂಗಳು, ದೆಹಲಿಯ ಎಫ್‌ಎಂಎಸ್, ಜಮ್‌ಶೆಡ್‌ಪುರದ ಎಕ್ಸ್‌ಎಲ್‌ಆರ್‌ಐ, ಮುಂಬೈಯ ಜೆಬಿಐಎಂಎಸ್, ಇಂಥವು. ಬ್ಯಾಂಕುಗಳು ಕ್ಯಾಂಪಸ್ಸಿಗೆ ಬಂದು ಆರಿಸಿಕೊಳ್ಳುವುದು ಇಂಥ ಕಡೆಗಳಿಂದ. ಹೆಸರಿಲ್ಲದ ಕಾಲೇಜಿನಲ್ಲಿ ಎಂಟು ಹತ್ತು ಲಕ್ಷ ಸುರಿದು ಎಂಬಿಎ ಮಾಡಿ ಇನ್ವೆಸ್ಟ್‌ಮೆಂಟ್ ಬ್ಯಾಂಕಿಗೆ ಹೋಗುತ್ತೇನೆ ಅಂದರೆ, ದಯವಿಟ್ಟು ಬೇಡ ಅಂತಲೇ ಹೇಳುತ್ತೇನೆ.

ಐಐಎಂ ಪ್ರವೇಶಕ್ಕೆ ಬರೆಯುವ ಕ್ಯಾಟ್ ಪರೀಕ್ಷೆ ಸಾಮಾನ್ಯವಾಗಿ ನವೆಂಬರ್ ಕೊನೆಯ ಭಾನುವಾರ ಇರುತ್ತದೆ. ಎರಡು ಗಂಟೆ, ಮೂರು ಭಾಗ. ಲೆಕ್ಕ ಮತ್ತು ತರ್ಕದಲ್ಲಿ ನಮ್ಮ ಎಂಜಿನಿಯರಿಂಗ್ ಹುಡುಗರು ಹಿಂದೆ ಬೀಳುವುದಿಲ್ಲ. ಕೈ ಕೊಡುವುದು ಇಂಗ್ಲಿಷ್ ಓದಿನ ಭಾಗ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಅದಕ್ಕೆ ಒಂದು ವರ್ಷ ಮೊದಲೇ ದಿನಾ ಅರ್ಧ ಗಂಟೆ ಎತ್ತಿಡಬೇಕು. ಇನ್ನೊಂದು ವಿಷಯ, ಐಐಎಂಗಳು ಹತ್ತನೇ ತರಗತಿ, ಪಿಯುಸಿ ಅಂಕಗಳನ್ನೂ ನೋಡುತ್ತವೆ. ಅವು ಕಡಿಮೆ ಇದ್ದರೆ ಕ್ಯಾಟ್‌ನಲ್ಲಿ ಎಷ್ಟು ಚೆನ್ನಾಗಿ ಮಾಡಿದರೂ ಕೆಲವು ಬಾಗಿಲು ತೆರೆಯುವುದಿಲ್ಲ. ಇದನ್ನು ಮೊದಲೇ ನೋಡಿಕೊಳ್ಳಿ.

ದುಡ್ಡಿನ ಲೆಕ್ಕ ಹೀಗೆ. ದೊಡ್ಡ ಐಐಎಂನಲ್ಲಿ ಎರಡು ವರ್ಷಕ್ಕೆ ಫೀಸೇ 25 ಲಕ್ಷದ ಆಸುಪಾಸು. ಅಷ್ಟು ಸಾಲವನ್ನು ಶೇಕಡಾ 10ರ ಬಡ್ಡಿಯಲ್ಲಿ ಹತ್ತು ವರ್ಷಕ್ಕೆ ತೀರಿಸಿದರೆ ತಿಂಗಳ ಕಂತು 33,000 ರೂಪಾಯಿ ಹತ್ತಿರ ಬರುತ್ತದೆ. ಒಳ್ಳೆಯ ಕೆಲಸ ಸಿಕ್ಕವರಿಗೆ ಇದು ಭಾರ ಆಗುವುದಿಲ್ಲ. ಮೇಲಿನ ಕಾಲೇಜುಗಳಿಗೆ ಬ್ಯಾಂಕುಗಳು ಹೊಲ, ಮನೆ ಒತ್ತೆ ಕೇಳದೆ ಸಾಲ ಕೊಡುತ್ತವೆ ಎನ್ನುವುದು ನಮ್ಮ ಕಡೆಯ ಎಷ್ಟೋ ತಂದೆತಾಯಿಗಳಿಗೆ ಗೊತ್ತೇ ಇಲ್ಲ. ಎಫ್‌ಎಂಎಸ್‌ನ ಫೀಸಂತೂ ಇದರ ಹತ್ತಿರಕ್ಕೂ ಬರುವುದಿಲ್ಲ, ಅಷ್ಟು ಕಡಿಮೆ. ಅಲ್ಲಿನ ಸೀಟಿಗೆ ನೂಕುನುಗ್ಗಲು ಅದಕ್ಕೇ.

ಸೀಟು ಸಿಕ್ಕವರು ಮಾಡುವ ಒಂದು ತಪ್ಪು ಇದೆ. ‘ಫೈನಾನ್ಸ್ ಅಲ್ಲೇ ಹೋಗಿ ಕಲಿತರಾಯಿತು’ ಅಂದುಕೊಳ್ಳುತ್ತಾರೆ. ಜೂನ್‌ನಲ್ಲಿ ಸೇರಿದರೆ ಕೆಲವೇ ತಿಂಗಳಲ್ಲಿ ಸಮ್ಮರ್ ಇಂಟರ್ನ್‌ಶಿಪ್ಪಿನ ಸಂದರ್ಶನ ಶುರುವಾಗುತ್ತದೆ. ಬ್ಯಾಂಕುಗಳು ಖಾಯಂ ಕೆಲಸ ಕೊಡುವುದು ಹೆಚ್ಚಾಗಿ ಆ ಇಂಟರ್ನ್‌ಗಳಿಗೇ. ಡೆಬಿಟ್, ಕ್ರೆಡಿಟ್ ಗೊತ್ತಾಗುವ ಮೊದಲೇ ಆಟ ಮುಗಿದಿರುತ್ತದೆ. ಸೀಟು ಖಾತ್ರಿಯಾದ ದಿನವೇ ಅಕೌಂಟಿಂಗ್ ಪುಸ್ತಕ ಹಿಡಿಯಿರಿ.

ಸಿಎ ಮತ್ತು ಸಿಎಫ್‌ಎ

ಸಿಎ ಅಂದರೆ ಕಾಮರ್ಸಿನವರಿಗೆ ಮಾತ್ರ ಅಂತ ಎಂಜಿನಿಯರಿಂಗ್ ಓದಿದವರು ಅಂದುಕೊಂಡಿದ್ದಾರೆ. ಹಾಗಿಲ್ಲ. ಬೇರೆ ಪದವಿಯಲ್ಲಿ ಶೇಕಡಾ 60 ಅಂಕ ಇದ್ದರೆ ಮೊದಲ ಹಂತವಾದ ಫೌಂಡೇಶನ್ ಬಿಟ್ಟು ನೇರ ಎರಡನೇ ಹಂತವಾದ ಇಂಟರ್‌ಮೀಡಿಯೆಟ್‌ಗೆ ನೋಂದಾಯಿಸಬಹುದು. ಹೊಸ ನಿಯಮದಲ್ಲಿ ಆರ್ಟಿಕಲ್‌ಶಿಪ್, ಅಂದರೆ ಸಿಎ ಕಚೇರಿಯಲ್ಲಿನ ತರಬೇತಿ, ಎರಡು ವರ್ಷ. ಬೆಳಗಾವಿಯಲ್ಲೇ ಸಿಎ ಸಂಸ್ಥೆಯ ಶಾಖೆ ಇದೆ. ಖರ್ಚು ಎಂಬಿಎಯ ಮುಂದೆ ಏನೂ ಅಲ್ಲ. ಭಾರತದ ಮರ್ಚಂಟ್ ಬ್ಯಾಂಕುಗಳಲ್ಲಿ ಸಿಎಗಳಿಗೆ ತುಂಬಾ ಬೆಲೆ ಇದೆ. ನನ್ನ ಪಕ್ಕದ ಕುರ್ಚಿಯವರೂ ಸಿಎ, ಐಪಿಒ ದಾಖಲೆಯಲ್ಲಿನ ತಪ್ಪನ್ನು ಅವರಷ್ಟು ಬೇಗ ಯಾರೂ ಹಿಡಿಯುವುದಿಲ್ಲ.

ಆದರೆ ಕಾಲ ಬೇಕು. ಎಲ್ಲ ಸರಿಯಾಗಿ ಹೋದರೂ ಮೂರು ನಾಲ್ಕು ವರ್ಷ, ಆ ಹೊತ್ತಿನಲ್ಲಿ ಕೈಗೆ ಬರುವುದು ಸಣ್ಣ ಸ್ಟೈಪೆಂಡ್. 21, 22ರ ವಯಸ್ಸಿನವರಿಗೆ ಇದು ಒಳ್ಳೆಯ ದಾರಿ. 28ರಲ್ಲಿ, ತಂಗಿಯ ಮದುವೆ ಮುಂದಿರುವಾಗ, ನಾನು ಇದನ್ನು ಹೇಳಲಾರೆ. ಸಿಎ ಮಾಡುವುದಾದರೆ ಆರ್ಟಿಕಲ್‌ಶಿಪ್ ಮುಂಬೈ ಅಥವಾ ಬೆಂಗಳೂರಿನಲ್ಲಿ, ಕಂಪನಿ ಖರೀದಿ-ಮಾರಾಟದ ಕೆಲಸ ಬರುವ ಕಡೆ ಹುಡುಕಿ. ಊರಲ್ಲೇ ಇದ್ದರೆ ಟ್ಯಾಕ್ಸ್, ಜಿಎಸ್‌ಟಿ ಚೆನ್ನಾಗಿ ಬರುತ್ತದೆ. ಡೀಲ್ ಕಣ್ಣಿಗೆ ಬೀಳುವುದಿಲ್ಲ.

ಸಿಎಫ್‌ಎ ಕೆಲಸದ ಜೊತೆಗೇ ಮಾಡಬಹುದಾದದ್ದು. ಮೂರು ಹಂತ. ಮೊದಲ ಹಂತದಲ್ಲಿ 180 ಪ್ರಶ್ನೆ, ವರ್ಷಕ್ಕೆ ನಾಲ್ಕು ಸಲ ಪರೀಕ್ಷೆ. ಒಂದೊಂದು ಹಂತಕ್ಕೂ ಸಾವಿರ ಡಾಲರ್ ಅಥವಾ ಅದಕ್ಕೂ ಹೆಚ್ಚು ಖರ್ಚಿದೆ, ಹಾಗಾಗಿ ಸುಮ್ನೆ ಬರೆದು ನೋಡೋಣ ಅನ್ನುವಂತಿಲ್ಲ. ಒಂದು ಹಂತಕ್ಕೆ 300 ಗಂಟೆ ಓದು ಬೇಕು ಅಂತ ಲೆಕ್ಕ. ದಿನಾ ಒಂದು ಗಂಟೆ, ಶನಿವಾರ ಭಾನುವಾರ ನಾಲ್ಕು ನಾಲ್ಕು ಗಂಟೆ ಕೂತರೆ ವಾರಕ್ಕೆ 13 ಗಂಟೆ. ಅಂದರೆ ಸುಮಾರು ಐದೂವರೆ ತಿಂಗಳು. ನಾನು ರಾತ್ರಿ ಪಾಳಿ ಮುಗಿಸಿ ಬಂದು ಮಲಗುವ ಮುಂಚೆ ಓದುತ್ತಿದ್ದೆ. ಎರಡು ಹಂತ ಹಾಗೇ ಮುಗಿಸಿದೆ.

ಸಿಎಫ್‌ಎ ನಿಮಗೆ ಭಾಷೆ ಕಲಿಸುತ್ತದೆ. ಬಾಗಿಲು ತೆರೆಯುವುದಿಲ್ಲ. ಅದಕ್ಕೆ ಕ್ಯಾಂಪಸ್ ಇಲ್ಲ, ಯಾರೂ ಬಂದು ಕರೆದುಕೊಂಡು ಹೋಗುವುದಿಲ್ಲ. ಮೊದಲ ಹಂತ ಪಾಸಾದ ಕೂಡಲೇ ಕೆಲಸ ಬರುತ್ತದೆ ಅಂತ ಕಾಯ್ದು ಬೇಜಾರಾದವರನ್ನು ತುಂಬಾ ನೋಡಿದ್ದೇನೆ. ಜೊತೆಗೆ ಇನ್ನೇನಾದರೂ ಇರಬೇಕು.

ನಿಮ್ಮ ಹಳೆಯ ಕೆಲಸವೇ ಆ ‘ಇನ್ನೇನೋ’

ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ. ನನಗೆ ಕೆಲಸ ಕೊಡಿಸಿದ್ದು ಇದೇ, ಮತ್ತು ನಮ್ಮ ಕಡೆಯವರು ತಮ್ಮ ಬಯೋಡೇಟಾದಲ್ಲಿ ಮುಚ್ಚಿಡುವುದೂ ಇದನ್ನೇ.

ಅವತ್ತು ಅಕ್ಕನ ಮಗನಿಗೆ ಒಂದು ಲೆಕ್ಕ ಹಾಕಿಸಿದೆ. ಕೇಂದ್ರ ಸರ್ಕಾರ 2025-26ರ ಹಂಗಾಮಿಗೆ ನಿಗದಿ ಮಾಡಿದ ಎಫ್‌ಆರ್‌ಪಿ (ಕಾರ್ಖಾನೆ ಕಬ್ಬಿಗೆ ಕೊಡಲೇಬೇಕಾದ ಕನಿಷ್ಠ ದರ) ಕ್ವಿಂಟಲ್‌ಗೆ 355 ರೂಪಾಯಿ. ಅದು 10.25 ಶೇಕಡಾ ರಿಕವರಿಗೆ, ಅಂದರೆ ಕಬ್ಬಿನ ತೂಕದಲ್ಲಿ ಅಷ್ಟು ಪಾಲು ಸಕ್ಕರೆ ಸಿಕ್ಕರೆ. ಅಂದರೆ ಒಂದು ಟನ್ ಕಬ್ಬಿಗೆ 3,550. ಒಂದು ಟನ್‌ನಲ್ಲಿ ಬರುವ ಸಕ್ಕರೆ 102.5 ಕೆಜಿ. 2019ರಲ್ಲಿ ನಿಗದಿಯಾದ ಕನಿಷ್ಠ ಮಾರಾಟ ದರ ಕೆಜಿಗೆ 31 ರೂಪಾಯಿ. ಆ ದರಕ್ಕೆ ಮಾರಿದರೆ ಎಷ್ಟು?

“3,177... ಮಾಮಾ, ಕಬ್ಬಿನ ರೊಕ್ಕಾನೂ ಹುಟ್ಟಂಗಿಲ್ಲಲಾ!”

ಕಾರ್ಖಾನೆಯ ಬಾಗಿಲಲ್ಲಿ ಕೆಜಿಗೆ 38 ಸಿಕ್ಕಿತು ಅಂತ ಇಟ್ಟುಕೊಳ್ಳೋಣ. 3,895. ಕಬ್ಬಿನ ದುಡ್ಡು ಕಳೆದರೆ ಟನ್‌ಗೆ ಉಳಿಯುವುದು 345. ಅದರಲ್ಲಿ ಸಂಬಳ, ರಿಪೇರಿ, ಬಡ್ಡಿ ಎಲ್ಲಾ ಆಗಬೇಕು. ಸರಿ, ರಿಕವರಿ ಒಂದು ಶೇಕಡಾ ಜಾಸ್ತಿ ಆಯಿತು ಅನ್ನಿ. 10 ಕೆಜಿ ಸಕ್ಕರೆ, 380 ರೂಪಾಯಿ ಹೆಚ್ಚು. ಆದರೆ ರಿಕವರಿ 0.1 ಏರಿದಂತೆ ಎಫ್‌ಆರ್‌ಪಿಯೂ ಕ್ವಿಂಟಲ್‌ಗೆ 3.46 ಏರುತ್ತದೆ. ಒಂದು ಶೇಕಡಾಗೆ ಅದು ಟನ್‌ಗೆ 346 ಆಯಿತು. ಕಾರ್ಖಾನೆಗೆ ಉಳಿದದ್ದು 34. ಹಾಗಾದರೆ ಲಾಭ ಎಲ್ಲಿಂದ? ಮೊಲಾಸಿಸ್, ಎಥೆನಾಲ್, ಬಗಾಸಿನಿಂದ (ಕಬ್ಬಿನ ಸಿಪ್ಪೆ) ಮಾಡುವ ವಿದ್ಯುತ್.

ಅವನು ತಾನಾಗಿಯೇ ಮುಂದುವರಿಸಿದ. ನಾಲ್ಕೈದು ತಿಂಗಳು ನುರಿಸಿ ವರ್ಷವಿಡೀ ಮಾರಬೇಕು, ಅದಕ್ಕೇ ಹಂಗಾಮು ಮುಗಿಯುವ ಹೊತ್ತಿಗೆ ಗೋದಾಮು ತುಂಬಿ ಬ್ಯಾಂಕಿನ ಸಾಲ ಏರಿರುತ್ತದೆ ಅಂದ. ಬಾಯ್ಲರ್ ನಿಂತರೆ ಗೇಟಿನ ಹೊರಗೆ ಟ್ರ್ಯಾಕ್ಟರ್ ಸಾಲು ನಿಲ್ಲುತ್ತದೆ, ಕಬ್ಬು ಒಣಗಿ ರಿಕವರಿ ಬೀಳುತ್ತದೆ ಅಂದ. ರೈತರ ಬಿಲ್ ತಡವಾದರೆ ಮುಂದಿನ ವರ್ಷ ಕಬ್ಬು ಪಕ್ಕದ ಕಾರ್ಖಾನೆಗೆ ಹೋಗುತ್ತದೆ ಅಂತಲೂ ಅಂದ. ಅವನಿಗೆ ಗೊತ್ತಿಲ್ಲದೆಯೇ ವರ್ಕಿಂಗ್ ಕ್ಯಾಪಿಟಲ್ (ದಿನನಿತ್ಯದ ವ್ಯವಹಾರ ನಡೆಸಲು ಬೇಕಾದ ದುಡ್ಡು) ಬಗ್ಗೆ, ರಿಸ್ಕ್ ಬಗ್ಗೆ ಮಾತಾಡಿದ್ದ. ಕಬ್ಬಿನ ಹೊಲ ನೋಡದ ಎಂಬಿಎ ಹುಡುಗನಿಗೆ ಇಷ್ಟು ತಿಳಿಯಲು ವರ್ಷ ಬೇಕು.

ಇದು ಸಕ್ಕರೆಗೆ ಮಾತ್ರ ಅಲ್ಲ. ಉದ್ಯಮಬಾಗದ ಫೌಂಡ್ರಿ, ಹೈಡ್ರಾಲಿಕ್ಸ್ ಬಲ್ಲವರಿಗೆ ವಾಹನ ಬಿಡಿಭಾಗದ ಕಂಪನಿಗಳು ಅರ್ಥವಾಗುತ್ತವೆ. ಸಿಮೆಂಟ್ ಬಲ್ಲವರು ಬಾಗಲಕೋಟೆಯಲ್ಲಿದ್ದಾರೆ. ಬೆಳಗಾವಿ ಹತ್ತಿರದ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ಮಾಡುವ ಏಕಸ್, 2025ರಲ್ಲಿ ಐಪಿಒಗಾಗಿ ಷೇರು ಮಾರುಕಟ್ಟೆ ನಿಯಂತ್ರಿಸುವ ಸೆಬಿಗೆ ದಾಖಲೆ ಸಲ್ಲಿಸಿತು. ಮಷಿನಿಂಗ್ ಮಾಡಿದವನು ಅಂಥ ದಾಖಲೆಯ ‘ರಿಸ್ಕ್ ಫ್ಯಾಕ್ಟರ್ಸ್’ ಓದುವ ರೀತಿಯೇ ಬೇರೆ.

ಈ ಬಂಡವಾಳ ಇಟ್ಟುಕೊಂಡು ನೇರ ಇನ್ವೆಸ್ಟ್‌ಮೆಂಟ್ ಬ್ಯಾಂಕಿಗೆ ಹೋಗುವುದು ಅಪರೂಪ. ನಡುವೆ ಒಂದು ಮೆಟ್ಟಿಲು ಇದೆ. ಒಂದೋ ಕಂಪನಿಗಳ ಸಾಲ ತೀರಿಸುವ ಶಕ್ತಿಗೆ ದರ್ಜೆ ಕೊಡುವ ಕ್ರಿಸಿಲ್, ಇಕ್ರಾ, ಕೇರ್ ಥರದ ರೇಟಿಂಗ್ ಸಂಸ್ಥೆ, ಇಲ್ಲವೇ ಷೇರು ಬ್ರೋಕರೇಜಿನ ರಿಸರ್ಚ್ ವಿಭಾಗ. ಅಲ್ಲಿ ಒಂದು ಉದ್ಯಮವನ್ನು ಹಿಡಿದು ಕಂಪನಿ ಕಂಪನಿಯ ಲೆಕ್ಕ ಓದಬೇಕು, ಮಾಲೀಕರ ಜೊತೆ ಮಾತಾಡಬೇಕು, ವರದಿ ಬರೆಯಬೇಕು. ಸೆಬಿಯ ತರಬೇತಿ ಸಂಸ್ಥೆ ಎನ್‌ಐಎಸ್‌ಎಂ ನಡೆಸುವ ರಿಸರ್ಚ್ ಅನಲಿಸ್ಟ್ ಪರೀಕ್ಷೆ ಇದಕ್ಕೆ ಅಗ್ಗದ ಮೊದಲ ಹೆಜ್ಜೆ. ಪಾಸಾಗಲು 60 ಶೇಕಡಾ ಬೇಕು, ತಪ್ಪು ಉತ್ತರಕ್ಕೆ ಅಂಕ ಕಡಿತ ಇದೆ, ಪ್ರಮಾಣಪತ್ರ ಮೂರು ವರ್ಷ ನಡೆಯುತ್ತದೆ. ನಾನು ಆಪರೇಶನ್ಸ್ ಬಿಟ್ಟು ಹೋದದ್ದು ರೇಟಿಂಗ್ ಕೆಲಸಕ್ಕೆ. ಸಂದರ್ಶನದಲ್ಲಿ ಅರ್ಧ ಗಂಟೆ ಫೌಂಡ್ರಿಯ ಕುಲುಮೆ, ಕರೆಂಟ್ ಬಿಲ್, ಸ್ಕ್ರ್ಯಾಪ್ ಬೆಲೆ ಬಗ್ಗೆಯೇ ಕೇಳಿದರು. ಆ ಮೇಜಿನಿಂದ ಈಗಿನ ಮೇಜಿಗೆ ಬರಲು ಮೂರು ವರ್ಷ ಹಿಡಿಯಿತು. ಎಂಬಿಎಗಿಂತ ನಿಧಾನ ಹೌದು. ಆದರೆ ಒಂದು ತಿಂಗಳೂ ಸಂಬಳ ನಿಲ್ಲಲಿಲ್ಲ.

ಹಾಗಾದರೆ ಬೆಂಗಳೂರಿನ ಕೆಲಸ ಬೇಡವೇ? ಮನೆಗೆ ತಕ್ಷಣ ದುಡ್ಡು ಬೇಕಿದ್ದರೆ ಖಂಡಿತ ತೆಗೆದುಕೊಳ್ಳಿ. ಅಲ್ಲಿರುವುದೆಲ್ಲ ಹಿಂದಿನ ಮೇಜೂ ಅಲ್ಲ. ಗೋಲ್ಡ್‌ಮನ್ ಸ್ಯಾಕ್ಸ್ 2004ರಿಂದ ಬೆಂಗಳೂರಿನಲ್ಲಿದೆ. ಅಂಥ ದೊಡ್ಡ ಕಚೇರಿಗಳಲ್ಲಿ ರಿಸ್ಕ್, ತಂತ್ರಜ್ಞಾನದ ಕೆಲಸಗಳೂ ಇವೆ, ಡೀಲ್ ತಂಡಗಳಿಗೆ ನೆರವಾಗುವ ಅನಲಿಸ್ಟ್‌ಗಳೂ ಇದ್ದಾರೆ. ಆಪರೇಶನ್ಸ್‌ಗೆ ಸೇರಿದರೆ ಮೊದಲ ದಿನದಿಂದಲೇ ಹೊರಗೆ ಬರುವ ತಾರೀಖು ಮನಸ್ಸಿನಲ್ಲಿರಲಿ. ನನ್ನ ಪ್ರಕಾರ ಎರಡು ವರ್ಷ ಮೀರಬಾರದು. ಮೀರಿದರೆ ಮುಂದಿನವರು ನಿಮ್ಮನ್ನು ಅದೇ ಕೆಲಸದವರು ಅಂತಲೇ ನೋಡುತ್ತಾರೆ.

ಯಾರು ಏನು ಆರಿಸಬೇಕು

ಕೊನೆಯ ವರ್ಷದಲ್ಲಿದ್ದೀರಿ, ಹಳೆಯ ಅಂಕಗಳೂ ಚೆನ್ನಾಗಿವೆ ಅಂದರೆ ಎರಡು ಸಲ ಕ್ಯಾಟ್ ಬರೆಯಿರಿ. ಮೇಲಿನ ಹತ್ತರೊಳಗಿನ ಕಾಲೇಜು ಸಿಗದಿದ್ದರೆ ಬಿಡಿ, ಸಿಎ ನೋಡಿ. ಮೂರು ನಾಲ್ಕು ವರ್ಷ ಕಾರ್ಖಾನೆಯಲ್ಲಿ ದುಡಿದು 26, 27ರ ಹತ್ತಿರ ಇದ್ದೀರಿ, ಮನೆ ನಿಮ್ಮ ಸಂಬಳದ ಮೇಲೆ ನಿಂತಿದೆ ಅಂದರೆ ಕೆಲಸ ಬಿಡಬೇಡಿ. ಎನ್‌ಐಎಸ್‌ಎಂ, ಸಿಎಫ್‌ಎ ಮೊದಲ ಹಂತ, ಆಮೇಲೆ ರೇಟಿಂಗ್ ಅಥವಾ ರಿಸರ್ಚ್. 32 ದಾಟಿ, ಮಕ್ಕಳು ವಿಜಯಪುರದಲ್ಲಿ ಶಾಲೆಗೆ ಹೋಗುತ್ತಿದ್ದರೆ, ಅನಲಿಸ್ಟ್ ಆಗಿ ಕೆಳಗಿನಿಂದ ಶುರು ಮಾಡುವುದು ತುಂಬಾ ಕಷ್ಟ. ನಿಮ್ಮ ಕಂಪನಿಯ ಒಳಗೇ ಪ್ರಾಜೆಕ್ಟ್ ಫೈನಾನ್ಸ್ ಕಡೆ, ಬ್ಯಾಂಕಿಗೆ ಸಾಲದ ಅರ್ಜಿ ತಯಾರಿಸುವ ಕಡೆ ಸರಿಯುವುದು ಒಳ್ಳೆಯದು. ಡೀಲಿನ ರುಚಿ ಅಲ್ಲೂ ಇದೆ, ರಾತ್ರಿ ಮನೆಯಲ್ಲೂ ಇರಬಹುದು.

ಭಾಷೆಯ ಬಗ್ಗೆ ಒಂದು ಮಾತು. ಬೆಳಗಾವಿಯವರಿಗೆ ಮರಾಠಿ ಬರುವುದು ಮುಂಬೈಯಲ್ಲಿ ದೊಡ್ಡ ಅನುಕೂಲ. ಇಂಗ್ಲಿಷ್ ಅಳುಕು ನನಗೂ ಇತ್ತು. ನಿಮ್ಮ ಹಳೆಯ ಕೆಲಸವನ್ನು ಎರಡು ನಿಮಿಷದಲ್ಲಿ ಇಂಗ್ಲಿಷಿನಲ್ಲಿ ಬಿಡಿಸಿ ಹೇಳುವುದನ್ನು ಕನ್ನಡಿ ಮುಂದೆ ನಿಂತು ಐವತ್ತು ಸಲ ಮಾಡಿ. ನನಗೆ ಅದೇ ಸಾಕಾಯಿತು.

ದುಡ್ಡು ಕಟ್ಟುವ ಮುಂಚೆ ಮಾಡಬೇಕಾದ ಪರೀಕ್ಷೆಯೊಂದಿದೆ, ಅದು ಪುಕ್ಕಟೆ. ನಿಮಗೆ ಗೊತ್ತಿರುವ ಉದ್ಯಮದ ಒಂದು ಕಂಪನಿಯ ವಾರ್ಷಿಕ ವರದಿ ಇಳಿಸಿಕೊಳ್ಳಿ. ರೇಟಿಂಗ್ ಸಂಸ್ಥೆಗಳ ಜಾಲತಾಣದಲ್ಲಿ ಅದರ ರೇಟಿಂಗ್ ವಿವರಣೆ ಉಚಿತವಾಗಿ ಸಿಗುತ್ತದೆ, ಅದನ್ನೂ ಓದಿ. ಆಮೇಲೆ ಎಕ್ಸೆಲ್‌ನಲ್ಲಿ ಲಾಭನಷ್ಟ, ಬ್ಯಾಲೆನ್ಸ್ ಶೀಟ್, ಕ್ಯಾಶ್ ಫ್ಲೋ ಮೂರನ್ನೂ ಕಟ್ಟಿ ಮುಂದಿನ ಮೂರು ವರ್ಷದ ಅಂದಾಜು ಹಾಕಿ. ಸಂದರ್ಶನದಲ್ಲಿ ಕೇಳುವ ಹಳೆಯ ಪ್ರಶ್ನೆಯೂ ಇಲ್ಲೇ ಇದೆ: ಸವಕಳಿ (ಯಂತ್ರ ಸವೆದಂತೆ ಅದರ ಬೆಲೆಯಲ್ಲಿ ಖರ್ಚು ಅಂತ ಕಳೆಯುವ ಮೊತ್ತ) 10 ರೂಪಾಯಿ ಹೆಚ್ಚಾದರೆ ಏನಾಗುತ್ತದೆ? ತೆರಿಗೆ 25 ಶೇಕಡಾ ಅಂದುಕೊಂಡರೆ ಲಾಭ 7.50 ಇಳಿಯುತ್ತದೆ. ಸವಕಳಿಗೆ ಕೈಯಿಂದ ದುಡ್ಡು ಹೋಗಿಲ್ಲ, ತೆರಿಗೆ 2.50 ಉಳಿದಿದೆ, ಹಾಗಾಗಿ ನಗದು 2.50 ಏರುತ್ತದೆ. ಯಂತ್ರದ ಬೆಲೆ 10 ಇಳಿಯಿತು, ನಗದು 2.50 ಏರಿತು, ಆಸ್ತಿ ಕಡೆ ಒಟ್ಟು 7.50 ಕಡಿಮೆ. ಅತ್ತ ಮಾಲೀಕರ ಬಂಡವಾಳವೂ 7.50 ಕಡಿಮೆ. ಎರಡೂ ಕಡೆ ತಾಳೆ. ಇದನ್ನು ಓದುವಾಗ ಖುಷಿಯಾದರೆ ಮುಂದೆ ಹೋಗಿ. ಬೇಸರ ಬಂದರೆ, ಮುಂದಿನ ಮೇಜಿನಲ್ಲಿ ವರ್ಷಗಟ್ಟಲೆ ಮಾಡಬೇಕಾದದ್ದು ಇದನ್ನೇ ಎನ್ನುವುದು ನೆನಪಿರಲಿ.

ಅಕ್ಕನ ಮಗ ಬೆಂಗಳೂರಿನ ಜಾಹೀರಾತಿಗೆ ಇನ್ನೂ ಅರ್ಜಿ ಹಾಕಿಲ್ಲ. ಈ ಹಂಗಾಮು ಮುಗಿಯುವವರೆಗೆ ಕಾರ್ಖಾನೆಯಲ್ಲೇ ಇದ್ದು, ರಾತ್ರಿ ಒಂದು ಸಕ್ಕರೆ ಕಂಪನಿಯ ಮಾಡೆಲ್ ಕಟ್ಟುತ್ತಿದ್ದಾನೆ. ಮೊನ್ನೆ ಶೀಟ್ ಕಳಿಸಿದ. ಬ್ಯಾಲೆನ್ಸ್ ಶೀಟಿನಲ್ಲಿ 14 ಕೋಟಿ ತಾಳೆ ಆಗುತ್ತಿಲ್ಲ. ಯಂತ್ರದ ಬೆಲೆಯಿಂದ ಸವಕಳಿಯನ್ನು ಎರಡು ಸಲ ಕಳೆದಿದ್ದಾನೆ ಅಂತ ನನ್ನ ಅನುಮಾನ. ನಾನು ಹೇಳಿಲ್ಲ. ಭಾನುವಾರ ಫೋನಿನಲ್ಲಿ ಕೂತು ಇಬ್ಬರೂ ಹುಡುಕುತ್ತೇವೆ.